ಹಗೇವಿನ ಮೇಲಿನ ಕೋಣೆ

ನಮ್ಮಪ್ಪ ಒಳ್ಳೆಯ ಮನುಷ್ಯ ಎಂದು ಹೇಳುವವರು ಕುರುಗೋಡಿನಿಂದ ಸಿರುಗುಪ್ಪದವರೆಗೆ ಇವತ್ತಿಗೂ ಸಿಗುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರು ಯಾವೂರು, ಯಾರ ಮಗಳು ಎಂದು ಕೇಳುತ್ತಾರೆ. ಬಾದನಹಟ್ಟಿ, ಇಮಾಮಸಾಬ್ ಮೇಸ್ತ್ರಿ ಮಗಳು ಎಂದರೆ ಸಾಕು, ಚೀಲವನ್ನು ಮಡಿಲಿಗೆ ಎಳೆದುಕೊಂಡು ನನ್ನ ಕಡೆ ತಿರುಗಿ ಕೂರುತ್ತಾರೆ. ನಮ್ಮ ಮನೆಯ ಪಾಯ ಹಾಕಿದವನು ಅವನೇ, ನಮ್ಮ ಮಾವನ ಮನೆಯ ಮೆಟ್ಟಿಲು ಅವನದೇ ಕೈ, ಇಷ್ಟು ವರ್ಷವಾದರೂ ಎಲ್ಲೂ ಒಂದು ಬಿರುಕಿಲ್ಲ ಎನ್ನುತ್ತಾರೆ. ಆಮೇಲೆ ಎಲ್ಲರೂ ಒಂದೇ ಮಾತಿಗೆ ಬರುತ್ತಾರೆ.

"ಮನಿ ಮಂದಿ ಅಂದ್ರ ಜೀವ ಬಿಡ್ತಿದ್ದ ನೋಡವ್ವ ನಿಮ್ಮಪ್ಪ. ಅಂಥವ್ರು ಈಗೆಲ್ಲಿ ಅದಾರ."

ನಾನು ಹೂಂ ಎಂದು ಕಿಟಕಿಯಾಚೆ ನೋಡುತ್ತೇನೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಸುಳ್ಳಿದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕುಡಿದು ಬಂದು ಹೊಡೆಯುವ ಅಪ್ಪನ ಮೇಲೆ ಸಿಟ್ಟಾಗುವುದು ಸುಲಭ, ಊರೆಲ್ಲ ಜೊತೆಗೆ ನಿಲ್ಲುತ್ತದೆ. ಒಳ್ಳೆಯವನೊಬ್ಬನ ಮೇಲೆ ಸಿಟ್ಟಿಟ್ಟುಕೊಂಡವಳಿಗೆ ಕೂತು ಮಾತಾಡಲು ಒಬ್ಬರೂ ಸಿಗುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಅಪ್ಪ ನಮ್ಮನ್ನು ಪ್ರೀತಿಸಿದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನಗೆ ನೆನಪು ಮಾಡಿಕೊಡುವುದು ಬೇಡ. ಶುಕ್ರವಾರ ಅವನಿಗೆ ಕೆಲಸವಿರುತ್ತಿರಲಿಲ್ಲ. ಬೆಳಿಗ್ಗೆ ಎಣ್ಣೆ ಬಿಸಿ ಮಾಡಿ ನನ್ನನ್ನೂ ತಂಗಿ ಬಾನುವನ್ನೂ ಅಂಗಳದ ಕಲ್ಲಿನ ಮೇಲೆ ಕೂರಿಸಿ ತಲೆಗೆ ತಾನೇ ಹಚ್ಚುತ್ತಿದ್ದ. ಸಿಮೆಂಟು ತಿಂದ ಬೆರಳಿಗೆ ನಮ್ಮ ಕೂದಲು ಸಿಕ್ಕಿಕೊಂಡು ನಾವು ಚೀರಿದರೆ ಅವನಿಗೆ ನಗು. ಕುರುಗೋಡಿನಿಂದ ಬರುವಾಗ ಮಿರ್ಚಿ ಕಟ್ಟಿಸಿಕೊಂಡು, ಆರಬಾರದೆಂದು ತಲೆಯ ಟವೆಲ್ಲು ಬಿಚ್ಚಿ ಸುತ್ತಿಕೊಂಡು ಬರುತ್ತಿದ್ದ. ಆ ಪೊಟ್ಟಣ ಬಿಚ್ಚಿದಾಗ ಮೊದಲು ಚಿಗಪ್ಪನ ಇಬ್ಬರು ಗಂಡುಮಕ್ಕಳಿಗೆ, ಆಮೇಲೆ ನಮಗೆ. ಚಿಗಪ್ಪ ಎಂದರೆ ಅಪ್ಪನ ಒಬ್ಬನೇ ತಮ್ಮ, ಹೊನ್ನೂರಸಾಬ್. ತಾತ ತೀರಿಕೊಂಡಾಗ ಅವನಿನ್ನೂ ಸಣ್ಣವನು, ಅಪ್ಪನೇ ಸಾಕಿ ಮದುವೆ ಮಾಡಿದ್ದ. ಚಿಗಪ್ಪ ಮನೆಗೆ ಬರುವ ತನಕ ಅಪ್ಪ ಉಣ್ಣುತ್ತಿರಲಿಲ್ಲ, ಅಪ್ಪ ಉಣ್ಣುವ ತನಕ ಅವ್ವ ಉಣ್ಣುವಂತಿರಲಿಲ್ಲ. ಹಸಿವು ನಮ್ಮ ಮನೆಯಲ್ಲಿ ಮೇಲಿನಿಂದ ಕೆಳಗೆ ಹೀಗೆ ಇಳಿದು ಬರುತ್ತಿತ್ತು. ಅಪ್ಪನಿಗೆ ಇನ್ನೊಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ, ಮದುವೆ ಊಟಕ್ಕೇ ಹೋಗಿರಲಿ, ಕೂರುವ ಮುಂಚೆ ಗೋಡೆಯನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದ. ಸದ್ದು ಕೇಳಿ ತಲೆಯಾಡಿಸಿದರೆ ಮನೆಯವರ ಮುಖ ಅರಳುತ್ತಿತ್ತು.

ನಮ್ಮ ಮನೆ ತಾತನ ಕಾಲದ ಮಾಳಿಗೆ ಮನೆ. ಮೊಳದಷ್ಟು ದಪ್ಪದ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಳಗೆ ಹಗಲಲ್ಲೂ ಕತ್ತಲೆ. ಪಡಸಾಲೆ ದಾಟಿದರೆ ಎರಡು ಕೋಣೆ, ಅದರಾಚೆ ಉದ್ದನೆಯ ಅಡುಗೆಮನೆ. ಅಡುಗೆಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯೊಂದರಿಂದ ಮಾತ್ರ. ಆ ಬೆಳಕು ಒಲೆಯ ಮೇಲೆ ಬಿದ್ದಾಗ ಅವ್ವನ ರೊಟ್ಟಿ ಬಡಿಯುವ ಕೆಲಸ ಮುಗಿದಿರಬೇಕು, ಗೋಡೆಯ ಬುಡಕ್ಕೆ ಸರಿದಾಗ ಪಲ್ಯ ಇಳಿದಿರಬೇಕು. ಅವಳಿಗೆ ಬೇರೆ ಗಡಿಯಾರ ಇರಲಿಲ್ಲ. ಹಿಂದಿನ ಅಂಗಳದ ಮೂಡಲ ಮೂಲೆಯಲ್ಲಿ ಅಪ್ಪ ಕಟ್ಟಿದ ಹೊಸ ಕೋಣೆ. ಸಿಮೆಂಟಿನ ಮೇಲ್ಛಾವಣಿ, ಕೆಂಪು ನೆಲ, ನೀಲಿ ಸುಣ್ಣ, ಕಂಬಿಯ ದೊಡ್ಡ ಕಿಟಕಿ, ಮುಂದೆ ಸಣ್ಣ ಜಗಲಿ. ಬಂದ ನೆಂಟರೆಲ್ಲ ಅಲ್ಲೇ ಮಲಗಲು ಆಸೆ ಪಡುತ್ತಿದ್ದರು. ಬೇಸಿಗೆಯಲ್ಲಿ ಬಳ್ಳಾರಿ ಸೀಮೆ ಕಾದ ಹಂಚಾಗಿರುವಾಗ ಆ ಕಿಟಕಿಯಲ್ಲಿ ಮಾತ್ರ ಒಂದಿಷ್ಟು ಗಾಳಿ ಬರುತ್ತಿತ್ತು.

ಆ ಕೋಣೆಯ ಕೆಳಗೆ ಒಂದು ಹಗೇವು ಇತ್ತು. ಹಗೇವು ಎಂದರೆ ಜೋಳ ತುಂಬಿಡಲು ಹಳಬರು ನೆಲದೊಳಗೆ ತೋಡುತ್ತಿದ್ದ ಕಣಜ, ಬಾಯಿ ಕಿರಿದು, ಹೊಟ್ಟೆ ದೊಡ್ಡದು. ತಾತನ ಕಾಲಕ್ಕೇ ಬರಿದಾಗಿ ಮೇಲೆ ಚಪ್ಪಡಿ ಮುಚ್ಚಿಕೊಂಡು ಬಿದ್ದಿತ್ತು. ಅಪ್ಪ ಆ ಕೋಣೆ ಕಟ್ಟಲು ಹೊರಟಾಗ ಅವ್ವನ ಹೊಟ್ಟೆಯಲ್ಲಿ ನಾನಿದ್ದೆ. ಅವ್ವನಿಗೆ ತವರಿರಲಿಲ್ಲ, ಹೆರಿಗೆ ಇಲ್ಲೇ ಆಗಬೇಕಿತ್ತು. ಹುಟ್ಟುವ ಕೂಸು ಹೊಸ ಕೋಣೆಯಲ್ಲೇ ಹುಟ್ಟಬೇಕೆಂದು ಅಪ್ಪನ ಹಟ, ಮಳೆಗಾಲ ಬೇರೆ ಹತ್ತಿರ. ಹಗೇವನ್ನು ತಳದ ತನಕ ತೋಡಿ, ಗಟ್ಟಿ ನೆಲದಿಂದ ಕಲ್ಲು ಕಟ್ಟಿಕೊಂಡು ಬರಬೇಕಿತ್ತು. ಅವನು ಗರಸು ಮತ್ತು ಕಲ್ಲುಚೂರು ತುಂಬಿಸಿ, ನೀರು ಬಿಟ್ಟು, ದಿಮ್ಮಸು ಹಾಕಿ, ಅದರ ಮೇಲೇ ಪಾಯ ಎಳೆದ. ಆಗ ಅವನು ಮೇಸ್ತ್ರಿಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗರಸಿನ ಬುಟ್ಟಿ ಹೊತ್ತವಳು ಅವ್ವ. ಚಿಗಪ್ಪ ಆಗ ಸಿರಿಗೇರಿಯ ಸೋದರಮಾವನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದ, ಅವನಿಗೆ ಗೊತ್ತಿಲ್ಲ. ನನಗೆ ಹತ್ತು ತುಂಬುವ ಹೊತ್ತಿಗೆ ಆ ಮೂಲೆ ಕುಸಿಯತೊಡಗಿತು. ಕಣ್ಣಿಗೆ ಕಾಣುವಷ್ಟಲ್ಲ. ಅಪ್ಪ ಒಂದು ದಿನ ಕೆಂಪು ನೆಲದ ಮೇಲೆ ರಸಮಟ್ಟ ಇಟ್ಟು, ಗಾಜಿನೊಳಗಿನ ಗುಳ್ಳೆ ಒಂದು ಕಡೆಗೆ ಸರಿದದ್ದನ್ನು ಬಹಳ ಹೊತ್ತು ನೋಡಿದ. ಅವ್ವನನ್ನು ಕರೆದು ತೋರಿಸಿದ. ಆ ಗುಟ್ಟು ಅವರಿಬ್ಬರಲ್ಲೇ ಇತ್ತು, ಮಂಚದ ಮೇಲೆ ನಿದ್ದೆ ಬಂದವಳಂತೆ ಬಿದ್ದಿದ್ದ ನನ್ನನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಜ್ಜಿ ಇರುವ ತನಕ ಮನೆಯಲ್ಲಿ ಒಂದೇ ಒಲೆ. ಅವಳು ತೀರಿಕೊಂಡ ವರ್ಷವೇ ಜಗಳ ಶುರುವಾಯಿತು, ಅದೂ ರೊಟ್ಟಿಯ ಮೇಲೆ. ಚಿಗವ್ವ ಸಿರುಗುಪ್ಪದ ಕಡೆಯವಳು, ಭತ್ತದ ಸೀಮೆಯಲ್ಲಿ ಅನ್ನ ಉಂಡು ಬೆಳೆದವಳು. ರೊಟ್ಟಿ ಬಡಿಯಲು ಅವಳ ಕೈ ಕೊನೆಗೂ ಒಗ್ಗಲಿಲ್ಲ. ಒಂದು ಮಧ್ಯಾಹ್ನ ಅವಳ ಅಣ್ಣ ಹೇಳದೆ ಕೇಳದೆ ಬಂದ. ಅನ್ನ ಇನ್ನೂ ಆಗಿರಲಿಲ್ಲ, ಹಸಿದು ಬಂದವನಿಗೆ ಅವ್ವ ಬೆಳಗಿನ ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ ಇಟ್ಟಳು. ಅವನು ಏನೂ ಅನ್ನದೆ ಉಂಡು ಹೋದ. ಅವನು ಅತ್ತ ಹೋದನೋ ಇಲ್ಲವೋ ಇತ್ತ ಚಿಗವ್ವ ಶುರು ಮಾಡಿದಳು.

"ನಮ್ಮಣ್ಣಗ ತಂಗಳ ರೊಟ್ಟಿ ನೀಡಿ ಕಳಿಸಿದ್ರಿ. ನಮ್ಮನ್ಯಾಗ ಆಳಿಗೂ ಬಿಸಿ ಅನ್ನ ನೀಡ್ತಾರ."

"ಮುಂಜಾನಿ ಬಡಿದ ರೊಟ್ಟಿ ಮಧ್ಯಾಹ್ನಕ್ಕ ತಂಗಳ ಆಗತಾವೇನವ್ವ? ಹಂಗಿದ್ರ ನಿನ್ನ ಗಂಡ ದಿನಾ ತಂಗಳನ ತಿಂತಾನ."

ಗಂಡನ ಮಾತು ಎತ್ತಬಾರದಿತ್ತು. ವಾರದ ತನಕ ಪಾತ್ರೆಗಳೇ ಮಾತಾಡಿದವು. ಆಮೇಲೆ ಚಿಗವ್ವ ಪಡಸಾಲೆಯಲ್ಲಿ ಸೀಮೆಎಣ್ಣೆ ಸ್ಟೋವಿಟ್ಟು ತನ್ನ ಮಕ್ಕಳಿಗೆ ಅನ್ನ ಮಾಡಿಕೊಂಡಳು. ಅಪ್ಪ ಕೆಲಸದಿಂದ ಬಂದವನು ಆ ಸ್ಟೋವನ್ನು ನೋಡಿ ಹೊಸ್ತಿಲಲ್ಲೇ ಕೂತುಬಿಟ್ಟ. ಅವನ ಕಣ್ಣಲ್ಲಿ ನೀರು ನೋಡಿದ್ದು ನಾನು ಅವತ್ತೇ ಮೊದಲು. ಅವ್ವನ ಮೇಲೆ ಒಂದು ಮಾತು ಆಡಲಿಲ್ಲ, ಚಿಗವ್ವನ ಮೇಲೂ ಆಡಲಿಲ್ಲ. ತಮ್ಮನನ್ನು ಕರೆದು, ಮನೆ ಪಾಲು ಮಾಡಿಬಿಡೋಣ, ಜಗಳವಾಡಿ ದೂರಾಗುವುದು ಬೇಡ ಎಂದ.

ನಮ್ಮ ಕಡೆ ಪಾಲು ಮಾಡುವ ಪದ್ಧತಿ ಹೀಗೆ. ಹಿರಿಯನು ಪಾಲು ಮಾಡಬೇಕು, ಕಿರಿಯನು ಮೊದಲು ಆರಿಸಿಕೊಳ್ಳಬೇಕು. ಉಳಿದದ್ದು ಹಿರಿಯನಿಗೆ. ಪಾಲು ಮಾಡುವವನು ಮೋಸ ಮಾಡದಿರಲಿ ಎಂದು ಹಿಂದಿನವರು ಮಾಡಿಟ್ಟದ್ದು. ಅಪ್ಪ ಮೂರು ದಿನ ಕೆಲಸಕ್ಕೆ ಹೋಗದೆ ದಾರ ಹಿಡಿದು, ಟೇಪು ಹಿಡಿದು ಮನೆಯನ್ನು ಅಳೆದ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದ, ನಾವು ಮಕ್ಕಳು ಆ ಗೆರೆಯ ಮೇಲೆ ಕುಂಟಾಟ ಆಡಿದೆವು. ಒಂದು ಪಾಲಿಗೆ ಹಳೆಯ ಕೋಣೆಗಳು ಮತ್ತು ಅಡುಗೆಮನೆ. ಇನ್ನೊಂದಕ್ಕೆ ಹೊಸ ಕೋಣೆ, ಜಗಲಿ, ಹಿಂದಿನ ಅಂಗಳ ಮತ್ತು ದನದ ಕೊಟ್ಟಿಗೆ. ಯಾರು ನೋಡಿದರೂ ಎರಡನೆಯದೇ ಚೆಂದ. ಶುಕ್ರವಾರದ ನಮಾಜಿನ ನಂತರ ಆರಿಸುವುದೆಂದು ಗೊತ್ತಾಯಿತು. ಗುರುವಾರವೇ ಚಿಗವ್ವ ಹೊಸ ಕೋಣೆಗೆ ಬಂದು ತನ್ನ ಮದುವೆಯ ಬೀರು ಯಾವ ಗೋಡೆಗೆ ಹಿಡಿಸುತ್ತದೆಂದು ಗೇಣು ಹಾಕಿ ನೋಡಿಕೊಂಡು ಹೋದಳು. ಅದನ್ನು ನೋಡಿದ ಅವ್ವ ಒಳಗೆ ಹೋಗಿ ಒಲೆಗೆ ಸಗಣಿ ಸಾರಿಸಿದಳು. ಅವಳು ಅಷ್ಟು ಗೆಲುವಾಗಿ ಸಾರಿಸಿದ್ದನ್ನು ನಾನು ಕಂಡಿರಲಿಲ್ಲ. ಕತ್ತಲೆಯಾದರೂ ಹೊಗೆಯಾದರೂ ಆ ಅಡುಗೆಮನೆ ತನ್ನದಾಗುತ್ತದೆ, ಗಟ್ಟಿ ಗೋಡೆಯ ನಡುವೆ ಎರಡು ಹೆಣ್ಣುಮಕ್ಕಳನ್ನು ಮಲಗಿಸಿಕೊಳ್ಳಬಹುದು ಎಂದು ಅವಳ ಲೆಕ್ಕ.

ಆ ಮಧ್ಯಾಹ್ನ ಅಪ್ಪ ಉಣ್ಣಲು ಕೂತಾಗ ಅವ್ವ ಎದುರಿಗೇ ಕೂತಳು. ಉಣ್ಣುವವನ ಎದುರು ಅವಳು ಕೂರುತ್ತಿದ್ದುದೇ ಅಪರೂಪ. ನಾನು ಶೇಂಗಾ ಸುಲಿಯುತ್ತ ಬಾಗಿಲಲ್ಲಿದ್ದೆ.

"ನಾಳಿ ಅವ್ರು ಹೊಸ ಕ್ವಾಣಿ ಆರಿಸ್ಕೊಂತಾರ," ಎಂದಳು ಅವ್ವ. "ನೀವು ಹಗೇವಿನ ಮಾತು ಎತ್ತಬ್ಯಾಡ್ರಿ."

"ಎತ್ತದಿದ್ರ ಹೆಂಗ? ಅಂವ ನನ್ನ ತಮ್ಮ. ಮಕ್ಕಳು ಮಲಗೋ ಜಾಗ ಅದು."

"ನಮ್ಮ ಮಕ್ಕಳೂ ಮಲಗ್ತಾವು. ನನ್ನ ಮಾತು ಪೂರಾ ಕೇಳ್ರಿ. ಅವ್ರ ಪಾಲಿಗೆ ಹೋಗಲಿ, ಆಮ್ಯಾಲ ಹೇಳ್ರಿ. ತಮ್ಮನ ಮನಿ ಕುಸೀತೈತಿ ಅಂದ್ರ ನೀವು ನಾಳಿಗೇ ತೋಡಿ ಕಟ್ಟಿ ಕೊಡ್ತೀರಿ. ನಮ್ಮ ಪಾಲಿಗೆ ಬಂದ್ರ ಕಟ್ಟಂಗಿಲ್ಲ."

ಅಪ್ಪ ನಕ್ಕ. ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ನಕ್ಕ.

"ಊರ ಮನಿ ಎಲ್ಲಾ ಕಟ್ಟಾಂವ ನನ್ನ ಮನಿ ಕಟ್ಟಿಕೊಳ್ಳಂಗಿಲ್ಲೇನ?"

"ಇಲ್ರಿ. ನನಗ ನೀವು ಗೊತ್ತಿದೀರಿ."

ಅವನು ಮತ್ತೇನೂ ಹೇಳದೆ ಉಂಡು ಕೈ ತೊಳೆದ. ಅದನ್ನು ಅವ್ವ ಒಪ್ಪಿಗೆ ಎಂದುಕೊಂಡಳು. ಅವಳ ಮಾತು ನನಗೆ ಅವತ್ತು ತಿರುಚಿದ ಮಾತೆನಿಸಿತು, ಅಪ್ಪನಂಥ ಅಪ್ಪನ ಬಗ್ಗೆ ಹೀಗೆ ಹೇಳಬಹುದೇ ಎಂದು ಅವಳ ಮೇಲೆ ಬೇಸರವೂ ಆಯಿತು. ಹನ್ನೊಂದು ವರ್ಷದ ಹುಡುಗಿಗೆ ಅಪ್ಪಂದಿರೇ ಸರಿ ಕಾಣುತ್ತಾರೆ.

ಶುಕ್ರವಾರ ಊರಿನ ಹಿರಿಯರಿಬ್ಬರು ಬಂದು ಪಡಸಾಲೆಯ ಚಾಪೆಯ ಮೇಲೆ ಕೂತರು. ಚಿಗಪ್ಪ ಅಪ್ಪನ ಮುಖ ನೋಡದೆ ನೆಲ ಕೆರೆಯುತ್ತ ಕೂತಿದ್ದ. ಚಿಗವ್ವ ಕಂಬದ ಮರೆಯಲ್ಲಿದ್ದಳು, ಅವ್ವ ಅಡುಗೆಮನೆಯ ಬಾಗಿಲಲ್ಲಿ. ಹಿರಿಯರು ಆರಿಸಿಕೋ ಎಂದು ಚಿಗಪ್ಪನಿಗೆ ಹೇಳಿದರು. ಅವನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದ್ದು ನಿಂತ.

"ಒಂದು ಮಾತು ಐತ್ರಿ. ಹೊನ್ನೂರಾ, ಹೊಸ ಕ್ವಾಣಿ ತಳದಾಗ ಹಗೇವು ಐತಿ. ನಾ ಸರಿ ತುಂಬಿಸಿಲ್ಲ, ತಪ್ಪು ನಂದು. ಮೂಲಿ ಇಳಿಯಾಕತ್ತೈತಿ. ನೀ ಅದನ್ನ ತಗೋಬ್ಯಾಡ."

ನಾನು ಅವ್ವನ ಕಡೆ ನೋಡಿದೆ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಚಿಗಪ್ಪ ಹಳೆಯ ಪಾಲನ್ನು, ಅಂದರೆ ಗಟ್ಟಿ ಕೋಣೆಗಳನ್ನೂ ಅಡುಗೆಮನೆಯನ್ನೂ ಆರಿಸಿಕೊಂಡ. ಅವನಾದರೂ ಏನು ಮಾಡುತ್ತಾನೆ. ಹಿರಿಯರಲ್ಲಿ ಒಬ್ಬರು ಅಪ್ಪನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಆ ಸುದ್ದಿ ಸಂಜೆಯೊಳಗೆ ಊರು ತಿರುಗಿ, ವಾರದೊಳಗೆ ಕುರುಗೋಡು ಮುಟ್ಟಿತು. ಅಪ್ಪನಿಗೆ ಆ ವರ್ಷ ಬಂದಷ್ಟು ಕೆಲಸ ಮುಂಚೆ ಯಾವತ್ತೂ ಬಂದಿರಲಿಲ್ಲ. ತಮ್ಮನಿಗೆ ಮೋಸ ಮಾಡದವನು ನಮಗೆ ಮಾಡುತ್ತಾನೆಯೇ ಎಂದು ಜನ ಹುಡುಕಿಕೊಂಡು ಬಂದರು. ಅವ್ವ ಅವತ್ತೇ ಸಂಜೆ ಹೊಸ ಕೋಣೆಯ ಜಗಲಿಯ ಮೇಲೆ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಗಾಳಿಗೆ ಬೆಂಕಿ ನಿಲ್ಲಲಿಲ್ಲ, ಸೊಪ್ಪಿನ ಸಾರು ಹೊಗೆ ವಾಸನೆ ಹೊಡೆಯಿತು. ಅಪ್ಪ ಅದನ್ನು ಬಹಳ ರುಚಿಯಾಗಿದೆ ಎಂದು ಉಂಡ.

ಮೊದಲ ಮಳೆಗೇ ಮೂಲೆಯ ಗೋಡೆ ಬಿರಿಯಿತು. ಕಿಟಕಿಯ ಕೆಳಗಿನಿಂದ ನೆಲದ ತನಕ ಒಂದು ಗೆರೆ. ಗೋಡೆ ಇನ್ನೂ ಸರಿಯುತ್ತಿದೆಯೋ ನಿಂತಿದೆಯೋ ತಿಳಿಯಲು ಮೇಸ್ತ್ರಿಗಳು ಒಂದು ಉಪಾಯ ಮಾಡುತ್ತಾರೆ. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ತುಂಡನ್ನು ಎರಡೂ ಕಡೆ ಸಿಮೆಂಟು ಹಚ್ಚಿ ಕೂರಿಸುತ್ತಾರೆ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಅಪ್ಪ ಬಹಳ ಚೆಂದವಾಗಿ ಒಂದು ಗಾಜು ಕೂರಿಸಿದ. ದೀಪಾವಳಿಯ ಹೊತ್ತಿಗೆ ಒಡೆಯಿತು. ಇನ್ನೊಂದು ಕೂರಿಸಿದ. ಅದೂ ಒಡೆಯಿತು. ವರ್ಷ ವರ್ಷ ಗಾಜು ಬದಲಾಯಿತು, ಗೋಡೆಗೆ ಮಾತ್ರ ಅವನು ಕೈ ಹಾಕಲಿಲ್ಲ. ಅವ್ವ ಕೇಳಿದಾಗಲೆಲ್ಲ ಒಂದೇ ಉತ್ತರ.

"ಅದು ದೊಡ್ಡ ಕೆಲಸ. ಆತುರದಾಗ ಮಾಡಿ ಒಮ್ಮೆ ಕೆಟ್ಟೀನಿ. ಪುರುಸೊತ್ತಿಲೆ ಮಾಡೂಣು."

ಪುರುಸೊತ್ತು ಬರಲಿಲ್ಲ. ಒಂದು ವರ್ಷ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಗೋದಾಮು, ಒಂದು ವರ್ಷ ಸಿರಿಗೇರಿಯಲ್ಲಿ ಯಾರದೋ ಮಗಳ ಮದುವೆಗೆ ಮುಂಚೆ ಮುಗಿಯಬೇಕಾದ ಮಹಡಿ. ಚಿಗವ್ವನಿಗೆ ಕತ್ತಲೆ ಅಡುಗೆಮನೆ ಆಗುವುದಿಲ್ಲವೆಂದು ಅಪ್ಪ ಅವರ ಮಾಳಿಗೆ ಇಳಿಸಿ, ಹೊಸದಾಗಿ ಛಾವಣಿ ಹಾಕಿ, ಎರಡು ಕಿಟಕಿ ಇಟ್ಟುಕೊಟ್ಟ. ಆ ಕೆಲಸಕ್ಕೆ ಅವನಿಗೆ ಪುರುಸೊತ್ತಿತ್ತು. ಅವ್ವ ಆ ದಿನಗಳಲ್ಲಿ ತನ್ನ ಜಗಲಿಯ ಒಲೆಯ ಮುಂದೆ ಕೂತು, ತನ್ನದಾಗಬೇಕಿದ್ದ ಅಡುಗೆಮನೆಗೆ ಬೆಳಕು ಬರುವುದನ್ನು ನೋಡಿದಳು. ಬಿರುಕಿನೊಳಗೆ ನನ್ನ ಕಿರುಬೆರಳು ಹೋಗುತ್ತಿದ್ದುದು ಹೆಬ್ಬೆರಳು ಹೋಗುವಂತಾಯಿತು. ನಾನೂ ಬಾನುವೂ ಹಳೆಯ ನೋಟುಬುಕ್ಕಿನ ಹಾಳೆಗಳನ್ನು ಉಂಡೆ ಮಾಡಿ ತುರುಕುತ್ತಿದ್ದೆವು. ಒಂದು ಬೆಳಿಗ್ಗೆ ಆ ಹಾಳೆಗಳ ನಡುವಿನಿಂದ ಚೇಳು ಬಂದು ಬಾನುವಿನ ಅಂಗಾಲಿಗೆ ಕುಟುಕಿತು. ಅಪ್ಪ ಅವಳನ್ನು ಹೆಗಲ ಮೇಲೆ ಹೊತ್ತು ಕುರುಗೋಡಿನ ಆಸ್ಪತ್ರೆಯ ತನಕ ಅಳುತ್ತ ಓಡಿದ. ಊರು ಅದನ್ನೂ ಹೊಗಳಿತು.

ನನಗೆ ಹದಿನೈದಾಗಿದ್ದಾಗ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅಪ್ಪ ಒಂದು ಮನೆ ಕಟ್ಟುತ್ತಿದ್ದ. ಒಂದು ಭಾನುವಾರ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದ. ತಿಪ್ಪಣ್ಣ ಎಂಬ ಗೌಂಡಿ ಅವನ ಕೈಕೆಳಗೇ ಕೆಲಸ ಕಲಿತವನು, ಒಂದು ಕೋಣೆಗೆ ಗಾರೆ ಮುಗಿಸಿ ನಿಂತಿದ್ದ. ಅಪ್ಪ ಗೋಡೆಯ ಹತ್ತಿರ ಕಣ್ಣಿಟ್ಟು ನೋಡಿ, ಕೂದಲೆಳೆಯಷ್ಟು ಸಣ್ಣ ಗೆರೆಯೊಂದನ್ನು ಉಗುರಿನಿಂದ ತೋರಿಸಿದ.

"ತಿಪ್ಪಾ, ಇದೇನಿದು? ಪೂರಾ ಕೆತ್ತಿ ತಗಿ. ಆ ಯಮ್ಮ ಇದ್ರಾಗ ಸಾಯೋ ತನಕ ಇರಬೇಕು."

ಆ ಯಮ್ಮ ಎಂದರೆ ಮನೆಯ ಯಜಮಾನರ ಹೆಂಡತಿ. ತಿಪ್ಪಣ್ಣ ಇಡೀ ಗೋಡೆಯ ಗಾರೆ ಕೆತ್ತತೊಡಗಿದ. ಊಟದ ಬುತ್ತಿ ಬಿಚ್ಚುವಾಗ ಕೇಳಿಯೇಬಿಟ್ಟೆ.

"ಅಪ್ಪಾ, ನಮ್ಮ ಗ್ವಾಡಿ ಯಾವಾಗ?"

ಅವನಿಗೆ ಕೋಪ ಬರಲಿಲ್ಲ. ನನ್ನ ತಲೆ ಸವರಿ, ತನ್ನ ಬುತ್ತಿಯೊಳಗಿನ ಬದನೆಕಾಯಿ ಎಣ್ಣೆಗಾಯಿಯನ್ನು ನನ್ನ ರೊಟ್ಟಿಯ ಮೇಲಿಟ್ಟ.

"ನಮ್ಮದು ಎಲ್ಲಿ ಹೊಕ್ಕೈತಿ ಹುಚ್ಚಿ? ಹೊರಗಿನವ್ರು ಕಾಯಂಗಿಲ್ಲ. ಮನಿಯವ್ರು ಕಾಯ್ತಾರ."

ಅವ್ವ ನಾಲ್ಕು ವರ್ಷದ ಹಿಂದೆ ಹೇಳಿದ್ದು ನನಗೆ ಅವತ್ತು ತಿಳಿಯಿತು. ಅವಳು ತಿರುಚಿ ಹೇಳಿರಲಿಲ್ಲ, 'ನೀವು ಗೊತ್ತಿದೀರಿ' ಎಂದಿದ್ದಳು ಅಷ್ಟೇ. ಅವನು ಮನೆಯವರನ್ನು ತನ್ನ ಮೈಯೊಳಗೆ ಸೇರಿಸಿಕೊಂಡುಬಿಟ್ಟಿದ್ದ. ತನಗೆ ಏನೂ ಬೇಡವಾದ್ದರಿಂದ ನಮಗೂ ಏನೂ ಬೇಡ. ತಾನು ಹಸಿದರೆ ನಾವೂ ಹಸಿಯಬೇಕು, ತಾನು ತ್ಯಾಗ ಮಾಡಿದರೆ ನಮ್ಮದೂ ಆಗಿಹೋಯಿತು. ಹೆಸರು ಮಾತ್ರ ಅವನೊಬ್ಬನಿಗೆ. ಅವತ್ತಿನಿಂದ ನನಗೊಂದು ಕೆಟ್ಟ ಬುದ್ಧಿ ಬಂದಿದೆ, ಬಂದದ್ದಕ್ಕೆ ನಾಚಿಕೆಯಿಲ್ಲ. ಯಾರಾದರೂ ದೊಡ್ಡ ಮನಸ್ಸಿನವರು, ಸತ್ಯವಂತರು ಎಂದು ಹೇಳಿದರೆ, ಅವರ ಹೆಂಡತಿ ಎಲ್ಲಿ ಮಲಗುತ್ತಾಳೆ ಎಂದು ನಾನು ಯೋಚಿಸುತ್ತೇನೆ.

ನಾವಿಬ್ಬರೂ ಮದುವೆಯಾಗಿ ಹೊರಟೆವು. ಬಾನು ಗಂಗಾವತಿಗೆ, ನಾನು ಬಳ್ಳಾರಿಗೆ, ಅದೂ ಸತ್ಯನಾರಾಯಣಪೇಟೆಗೇ. ಅಪ್ಪ ಗೋಡೆಗೆ ಹೊರಗಿನಿಂದ ಮೂರು ಸರ್ವೆ ಕಂಬ ಆನಿಸಿ ನಿಲ್ಲಿಸಿದ. ಅವು ಲಡ್ಡಾದರೆ ಬೇರೆ ಮೂರು. ನನ್ನ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಒಮ್ಮೆ ಬಳ್ಳಾರಿಯಿಂದ ಗೌಂಡಿಗಳನ್ನು ಕಳಿಸಿದೆ. ನನ್ನ ಮನೆಗೆ ಬೇರೆಯವರು ಕರಣೆ ಹಚ್ಚುವುದೇ ಎಂದು ಅಪ್ಪ ಅವರಿಗೆ ಚಹಾ ಕುಡಿಸಿ ವಾಪಸು ಕಳಿಸಿದ. ಅವ್ವ ಅಪ್ಪನ ವಿಷಯದಲ್ಲಿ ಎಲ್ಲವನ್ನೂ ಅನುಮಾನಿಸುತ್ತಿದ್ದಳು, ಕೆಲಸದ ಮಾತೊಂದನ್ನು ಬಿಟ್ಟು. ದೊಡ್ಡ ಕೆಲಸ ಎಂದು ಮೇಸ್ತ್ರಿ ಹೇಳಿದರೆ ದೊಡ್ಡದೇ ಇರಬೇಕು. "ಮನಿ ಬಿಚ್ಚಿ ಮತ್ತ ಕಟ್ಟಬೇಕಂತವ್ವ, ವರ್ಷ ಹಿಡಿಯೂದೇನೋ" ಎಂದು ನಮಗೇ ಸಮಾಧಾನ ಹೇಳುತ್ತಿದ್ದಳು. ಅವನಿಗೆ ಅವಳು ಬಿಟ್ಟುಕೊಟ್ಟ ಒಂದೇ ರಿಯಾಯಿತಿ ಅದು.

ಹೋದ ವರ್ಷ ಮಳೆಗಾಲದ ಮೊದಲಿಗೆ ಅಪ್ಪ ಆ ಕೋಣೆಯಲ್ಲೇ ತೀರಿಕೊಂಡ. ಮೈ ತೊಳೆಯಲು ಚಿಗಪ್ಪನ ಅಂಗಳಕ್ಕೆ ಒಯ್ದರು, ಅಷ್ಟು ಜನ ನಮ್ಮ ಕೋಣೆಯೊಳಗೆ ನಿಲ್ಲುವುದು ಬೇಡ ಎಂದರು. ಅವ್ವ ಅಳಲಿಲ್ಲ. ಅಳಿಸಲು ಬಂದ ಹೆಂಗಸರು ಸೋತು ಹೋದರು. ಗಂಡ ತೀರಿಕೊಂಡವಳು ನಮ್ಮಲ್ಲಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಅದೇ ಮನೆಯಲ್ಲಿರಬೇಕು, ಹೊರಗಿನ ಗಂಡಸರಿಗೆ ಮುಖ ತೋರಿಸಬಾರದು. ಮೂರನೆಯ ದಿನದ ಜಿಯಾರತ್ ಮುಗಿದದ್ದೇ ತಿಪ್ಪಣ್ಣ ನಾಲ್ಕು ಗೌಂಡಿಗಳನ್ನು ಕರೆದುಕೊಂಡು ಜಾಕು, ಹಾರೆ, ಕಲ್ಲು ಸಮೇತ ಬಂದ. ಅವನೂ ಈಗ ಮುದುಕ, ದೊಡ್ಡ ಮೇಸ್ತ್ರಿ. ಗುರುವಿನ ಋಣ ತೀರಿಸುತ್ತೇನೆ, ಮಳೆ ಜೋರಾಗುವುದರೊಳಗೆ ಗೋಡೆ ಎತ್ತಿ ನಿಲ್ಲಿಸುತ್ತೇನೆ ಎಂದು ಜಗಲಿಯಾಚೆ ನಿಂತ. ಪರದೆಯ ಒಳಗಿನಿಂದ ಅವ್ವನ ದನಿ ಬಂತು.

"ತಿಪ್ಪಣ್ಣಾ, ನಾ ಇದ್ದತ್ ಕುಂತೀನಿ. ಗಂಡಸ್ರು ಒಳಗ ಬರಂಗಿಲ್ಲ."

ಆ ಗಂಡಸರಲ್ಲಿ ಅರ್ಧ ಜನರ ಜೊತೆ ಅವ್ವ ಅಪ್ಪನ ಕೆಲಸಗಳಲ್ಲಿ ಗರಸು ಹೊತ್ತಿದ್ದಳು, ಕಲ್ಲು ಹೊತ್ತಿದ್ದಳು, ಒಂದೇ ಮರದ ಕೆಳಗೆ ಕೂತು ಬುತ್ತಿ ಉಂಡಿದ್ದಳು. ಪರದೆ ಎಂಬುದು ಅವಳ ಬದುಕಿನಲ್ಲಿ ಎಲ್ಲೂ ಇರಲಿಲ್ಲ. ಮಳೆ ಹಿಡಿಯಿತು. ಚಿಗಪ್ಪ ಮಸೀದಿಯ ಹಜರತ್ತರನ್ನು ಕೇಳಿಕೊಂಡು ಬಂದು ಪರದೆಯ ಹೊರಗೆ ಕೂತ.

"ಅತ್ತಿಗೀ, ಜೀವಕ್ಕ ಅಪಾಯ ಇದ್ರ ಬ್ಯಾರೆ ಕಡಿ ಕುಂದ್ರಬಹುದಂತ. ನಮ್ಮ ಕಡಿ ಬರ್ರಿ."

"ಇದ್ದತ್ ಗಂಡನ ಮನ್ಯಾಗ ಕುಂದ್ರಬೇಕು. ನನ್ನ ಗಂಡನ ಮನಿ ಇದು. ಆ ಪಾಲು ನಿಂದು," ಎಂದಳು ಅವ್ವ. "ನಲವತ್ತು ವರ್ಷ ಇರಲಾರದ ಅಪಾಯ ಈಗ ಬಂತೇನಪ್ಪ?"

ಚಿಗಪ್ಪ ಅಲ್ಲೇ ಕೂತು ಅತ್ತ. ನನಗೆ ಅವನ ಮೇಲೆ ಕನಿಕರ ಬಂತು, ಅವ್ವನಿಗೆ ಬರಲಿಲ್ಲ. ಆ ನಾಲ್ಕು ತಿಂಗಳು ಹತ್ತು ದಿನ ನಾನು ಅವಳ ಜೊತೆಗಿದ್ದೆ. ಮಳೆ ಬಂದಾಗಲೆಲ್ಲ ಮಂಚವನ್ನು ಬಾಗಿಲ ಕಡೆ ಎಳೆಯುತ್ತಿದ್ದೆ, ಅವಳು ಮತ್ತೆ ಗೋಡೆಯ ಕಡೆ ತಳ್ಳಿಸುತ್ತಿದ್ದಳು. ಒಂದು ದಿನ ತಡೆಯಲಾರದೆ ಕೂಗಾಡಿಬಿಟ್ಟೆ, ಸತ್ತವನ ಮೇಲಿನ ಸಿಟ್ಟಿಗೆ ನೀನು ಸಾಯುತ್ತೀಯಾ ಎಂದೆ. ಅವಳು ಜಪಮಣಿ ಎಣಿಸುವುದನ್ನು ನಿಲ್ಲಿಸಲಿಲ್ಲ. ಹೊರಗೆ ತಿಪ್ಪಣ್ಣ ವಾರಕ್ಕೊಮ್ಮೆ ಬಂದು ಸರ್ವೆ ಕಂಬಗಳನ್ನು ನೋಡಿ, ಬೆಣೆ ಬಿಗಿಮಾಡಿ, ತಲೆ ತಗ್ಗಿಸಿ ಹೋಗುತ್ತಿದ್ದ. ಇಳಿವಯಸ್ಸಿನ ಗಂಡಸರು ಒಬ್ಬ ಮುದುಕಿಯ ಪರದೆಯ ಮುಂದೆ ಹೀಗೆ ಕಾದದ್ದನ್ನು ನೋಡಿ, ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಸಮಾಧಾನವೂ ಆಯಿತು. ಗೋಡೆ ಬೀಳಲಿಲ್ಲ.

ಇದ್ದತ್ ಮುಗಿದ ಬೆಳಿಗ್ಗೆ ಅವ್ವ ಮಿಂದು, ಹೊಸ ಸೀರೆ ಉಟ್ಟು, ಎರಡು ಗಂಟು ಕಟ್ಟಿಕೊಂಡು ಹೊರಗೆ ಬಂದಳು. ತಿಪ್ಪಣ್ಣನ ಮುಂದೆ ನಿಂತು, "ಇನ್ನ ಸುರು ಮಾಡ್ರಪ್ಪ" ಎಂದಳು. ಕೆಲಸ ಮುಗಿದ ಮೇಲೆ ಕರೆಯುತ್ತೇನೆ, ನೀವೇ ಮೊದಲು ಕಾಲಿಡಬೇಕು ಎಂದು ಅವನು ಕೈ ಮುಗಿದ. ಅವ್ವ ನನ್ನ ಜೊತೆ ಬಸ್ಸು ಹತ್ತಿದಳು.

ತಿಪ್ಪಣ್ಣನ ಫೋನು ಬಂದಾಗ ಅವ್ವ ನಮ್ಮ ಮನೆಯ ಅಡುಗೆಮನೆಯಲ್ಲಿ ಕಿಟಕಿಯ ಬೆಳಕಿಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಕೆಲಸ ಮುಗಿಯಿತು, ಹಗೇವಿನ ತಳದಿಂದ ಕಲ್ಲು ಕಟ್ಟಿಕೊಂಡು ಬಂದಿದ್ದೇವೆ, ಇನ್ನು ಮೂರು ತಲೆಮಾರು ಕದಲುವುದಿಲ್ಲ ಎಂದ. ನಾನು ಅದನ್ನು ಅವ್ವನಿಗೆ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಎಷ್ಟು ದಿನ ಹಿಡೀತಂತ?"

ನಾನು ದಿನ ಎಣಿಸಿ ನೋಡಿರಲಿಲ್ಲ. ಫೋನಿನಲ್ಲೇ ತಿಪ್ಪಣ್ಣನನ್ನು ಕೇಳಿದೆ. ಹೇಳಿದ.

"ಒಂಬತ್ತು ದಿನ ಅಂತವ್ವ."

"ಮನಿ ಬಿಚ್ಚಿದ್ರೇನು?"

"ಇಲ್ಲ. ಗ್ವಾಡಿಗೆ ಜಾಕು ಕೊಟ್ಟು, ತಳಕ್ಕ ಕಲ್ಲು ಕಟ್ಟಿದ್ರಂತ. ಅಷ್ಟ."

ಅವ್ವ ಮೊರವನ್ನು ಓರೆಯಾಗಿ ಕೆಳಗಿಟ್ಟಳು. ಆರಿಸಿದ ಅಕ್ಕಿ, ಆರಿಸದ ಅಕ್ಕಿ ಒಂದಾಗಿ ನೆಲಕ್ಕೆ ಚೆಲ್ಲಿತು. ಅಪ್ಪ ಸತ್ತಾಗ ಅಳದವಳು, ಇದ್ದತ್ತಿನ ಅಷ್ಟೂ ದಿನ ಕಣ್ಣು ಒದ್ದೆ ಮಾಡಿಕೊಳ್ಳದವಳು ಗೋಡೆಗೆ ಒರಗಿ ಗಟ್ಟಿಯಾಗಿ ಅಳತೊಡಗಿದಳು. ನಾನು ಹತ್ತಿರ ಹೋಗಿ ಕೂತೆ. ಬಹಳ ಹೊತ್ತಿನ ಮೇಲೆ ನನ್ನ ಕೈ ಹಿಡಿದು ಕೇಳಿದಳು.

"ಒಂಬತ್ತು ದಿನ ನನಗ ಕೊಡಾಕ ಆಗಲಿಲ್ಲೇನ ಆ ಮನುಷ್ಯಾಗ?"